ಕುಂಬಾರನ ಕಿವಿ, ಫ್ರಾನ್ಸಿನ ತಟ್ಟೆ

ನಂಬಲ್ಲ ಅಂತೀರಾ? ಬೇಡ, ನಂಬಬೇಡಿ. ಆದರೆ ಬೇ ಏರಿಯಾ ಪೂರ್ತಿ ಡಾಟ್‌ಕಾಮ್ ಡಾಟ್‌ಕಾಮ್ ಅಂತ ಕುಣಿಯುತ್ತಿದ್ದ ಕಾಲದಲ್ಲಿ, ಮಂಡ್ಯ ಕಡೆಯ ಕುಂಬಾರರ ಮನೆಯವನಾದ ನಾನು, ಪಾಲೋ ಆಲ್ಟೋದಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತು, ಯಾವ ಫ್ರೆಂಚ್ ತಟ್ಟೆ ಬಿರುಕು ಬಿಟ್ಟಿದೆ ಅಂತ ಹೇಳಿದ್ದು ಮಾತ್ರ ನಿಜ. ಇಂಥವು ನನಗೆ ಆಗುತ್ತಲೇ ಇರುತ್ತವೆ. ಏನು ಮಾಡೋದು, ಪ್ರತಿಭೆ ಇದ್ದವನ ಪಾಡು!

೧. ಕೋಳಿಯ ಬಾಲ

ನಾನಿದ್ದದ್ದು ಪ್ಲೆಸೆಂಟನ್‌ನಲ್ಲಿ, ಅಕ್ಕನ ಮನೇಲಿ. ಭಾವ ಇಂಜಿನಿಯರು. ನಾನು ಕಂಪ್ಯೂಟರ್ ಕಲೀಬೇಕು ಅನ್ನೋದು ಅವರ ಹಟ. ಪಾಲೋ ಆಲ್ಟೋದ ಹಳೇ ಫ್ರೆಂಚ್ ಪಿಂಗಾಣಿ ಅಂಗಡಿಗೆ ಆಳು ಬೇಕು ಅಂತ ಪೇಪರಿನಲ್ಲಿ ನೋಡಿ ಹೊರಟಿದ್ದು ನನ್ನ ಹಟ.

“ಹೋಗಪ್ಪಾ, ತಟ್ಟೆ ಒರೆಸು. ಒಂದು ತಿಂಗಳು ಆ ಕೆಲಸ ಉಳಿಸ್ಕೊ ನೋಡೋಣ. ಇಲ್ಲಾಂದ್ರೆ ನನ್ನ ಆಫೀಸಲ್ಲಿ ಟೆಸ್ಟಿಂಗು, ಬಾಯಿ ಮುಚ್ಕೊಂಡು” ಅಂದರು ಭಾವ.

ಅಂಗಡಿಯ ಒಡತಿ ಫ್ರಾನ್ಸಿನ ಮುದುಕಿ. ನಗುವನ್ನೂ ಒಡೆಯುವ ಸಾಮಾನಿನ ಹಾಗೆ ಜೋಪಾನವಾಗಿ ಒಳಗಿಟ್ಟಿದ್ದವರು. ನಾನು ಹೇಗೆ ಹಿಡೀತೀನಿ ನೋಡೋಣ ಅಂತ, ನೀಲಿ ಕೋಳಿಯ ಚಿತ್ರವಿದ್ದ ತಟ್ಟೆಯೊಂದನ್ನು ಕೈಗೆ ಕೊಟ್ಟರು. ಸಂತೆಯಲ್ಲಿ ಮಡಕೆ ಕೈಗೆ ಬಂದರೆ ನಾವೇನು ಮಾಡ್ತೀವಿ? ಕಿವಿ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಟಕ್ ಅಂತ ತಟ್ಟಿದೆ.

“ಅದು ಬಾಗಿಲಲ್ಲ!” ಅಂತ ಮುದುಕಿ ಕಿರುಚಿದರು.

“ಬಿರುಕು ಬಿಟ್ಟಿದೆ ಮೇಡಂ.”

“ಇಪ್ಪತ್ತು ವರ್ಷದಿಂದ ನನ್ನ ಹತ್ತಿರ ಇದೆ ಅದು!”

“ಹಾಗಾದ್ರೆ ಇಪ್ಪತ್ತು ವರ್ಷದಿಂದ ಬಿರುಕು ಬಿಟ್ಟಿದೆ.”

ದೀಪದ ಕೆಳಗೆ ಹಿಡಿದು ನೋಡಿದರು. ಕೋಳಿಯ ಬಾಲದ ಕೆಳಗೆ ಕೂದಲೆಳೆಯಷ್ಟು ಗೆರೆ. ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, “ನಾಳೆ ಒಂಬತ್ತಕ್ಕೆ ಬಾ. ಒಂದು ತಿಂಗಳು ನೋಡ್ತೀನಿ” ಅಂದರು. ಕೆಲಸ ಕೊಡಿಸಿದ್ದು ಕೋಳಿ ಅಂತ ಅಕ್ಕನಿಗೆ ಹೇಳಿದರೆ, “ಶನಿವಾರ ಅಂಥ ಮಾತಾಡಬೇಡ” ಅಂದಳು.

೨. ಹೊಲಿಗೆ ಹಾಕಿದ ತಟ್ಟೆ

ಎರಡನೇ ವಾರ ಕಪಾಟು ಒರೆಸುವಾಗ ದೊಡ್ಡದೊಂದು ತಟ್ಟೆ ಸಿಕ್ಕಿತು. ತಿರುಗಿಸಿದರೆ ಬೆನ್ನ ಮೇಲೆ ಸಾಲಾಗಿ ಕಬ್ಬಿಣದ ಹೊಲಿಗೆ! ಯಾವ ಕಾಲದಲ್ಲೋ ಎರಡು ಹೋಳಾಗಿದ್ದನ್ನ ಯಾರೋ ತಂತಿಯ ಕೊಂಡಿ ಹಾಕಿ ಕೂಡಿಸಿದ್ದರು. ಒಡೆದ ಪಾತ್ರೆ ಇಟ್ಟುಕೊಂಡರೆ ಏಳಿಗೆ ಇಲ್ಲ ಅಂತ ನಮ್ಮವ್ವ ಹೇಳೋಳು. ಪಾಪ, ಮುದುಕಿಗೆ ಒಳ್ಳೇದಾಗಲಿ ಅಂತ ಹಿಂಬಾಗಿಲ ಕಸದ ಡಬ್ಬಿ ಪಕ್ಕ ಇಟ್ಟು ಬಂದೆ.

ಕಸದ ಲಾರಿ ಬೀದಿಗೆ ಬರೋದಕ್ಕೂ ಮೇಡಂ ಅದನ್ನ ಹುಡುಕೋದಕ್ಕೂ ಸರಿಹೋಯಿತು. ಆ ವಯಸ್ಸಿನಲ್ಲಿ ಅಷ್ಟು ವೇಗವಾಗಿ ಓಡಿದವರನ್ನ ನಾನು ಕಂಡಿಲ್ಲ. ತಟ್ಟೆಯನ್ನು ಎದೆಗವಚಿಕೊಂಡು, “ಹೊಲಿಸಿ ಇಟ್ಟುಕೊಂಡಿದ್ದಾರೆ ಅಂದ್ರೆ ಯಾರೋ ಇದನ್ನ ಪ್ರೀತಿಸಿದ್ರು ಕಣೋ! ಇನ್ನೊಂದು ತಪ್ಪು ಮಾಡಿದ್ರೆ ನೀನೂ ಆ ಡಬ್ಬಿ ಪಕ್ಕ!” ಅಂದರು.

ಒಡೆದದ್ದನ್ನು ನಮ್ಮೂರಲ್ಲಿ ತಿಪ್ಪೆಗೆ ಹಾಕ್ತಾರೆ. ಇವರು ಗಾಜಿನ ಬೀರುವಿಗೆ ಹಾಕಿ ಬೀಗ ಜಡೀತಾರೆ.

೩. ಆರು ಗುಳಿ

ಮೂರನೇ ವಾರ ಮಾರ್ಗನ್ ಹಿಲ್‌ನಲ್ಲಿ ಹೊಸ ಮನೆ ಕೊಂಡ ಮೈಸೂರಿನ ದಂಪತಿ ಬಂದರು. ಸುತ್ತ ಆರು ಗುಳಿ ಇದ್ದ ಚಂದದ ಹಸಿರು ತಟ್ಟೆ ನೋಡಿ, “ಇದು ಯಾತಕ್ರೀ?” ಅಂತ ಆಯಮ್ಮ ಕೇಳಿದರು.

ಮೇಡಂ ಫೋನಿನಲ್ಲಿದ್ದರು. ನನಗೆ ಗೊತ್ತಿಲ್ಲ ಅನ್ನೋ ಅಭ್ಯಾಸವೇ ಇಲ್ಲ. “ನೋಡಿದ್ರೆ ಗೊತ್ತಾಗಲ್ವೇನ್ರೀ? ಇಲ್ಲಿ ಉಪ್ಪಿನಕಾಯಿ, ಇಲ್ಲಿ ಚಟ್ನಿ, ಇಲ್ಲಿ ಕೋಸಂಬರಿ…”

“ನಮ್ಮತ್ತೆಗೆ ಹೇಳಿ ಮಾಡಿಸಿದ ಹಾಗಿದೆ!” ಅಂತ ಅಂಗಡಿಯಲ್ಲಿದ್ದ ಅಂಥ ಹನ್ನೆರಡೂ ತಟ್ಟೆ ಕೊಂಡು ಹೋದರು.

ಮೇಡಂ ಬೆರಗಾದರು. “ಅವರಿಗೆ ಸಿಂಪಿ ಅಂದ್ರೆ ಅಷ್ಟೊಂದು ಇಷ್ಟಾನಾ?”

“ಯಾವ ಸಿಂಪಿ?”

“ಸಮುದ್ರದ್ದು. ಚಿಪ್ಪಿನೊಳಗಿನ ಹುಳು. ಆ ಗುಳಿ ಇರೋದೇ ಅದನ್ನ ಇಟ್ಟು ತಿನ್ನೋಕೆ.”

ಅಯ್ಯೋ ಶಿವನೇ! ಅತ್ತೆಯವರು ಈರುಳ್ಳಿಯನ್ನೂ ಮುಟ್ಟದವರು ಅಂತ ಹೋಗುವಾಗ ಆಯಮ್ಮ ಹೇಳಿದ್ದರು! ವಾಪಸು ತಂದುಕೊಟ್ಟರೆ ನನ್ನ ಕೆಲಸ ಹೋಯಿತು. ಆದರೂ ಗಂಡಸು ನಾನು, ಫೋನು ಮಾಡಿ ನಿಜ ಹೇಳಿದೆ. ಆ ಕಡೆಯಿಂದ ಆಯಮ್ಮ ಪಿಸುಗುಟ್ಟಿದರು: “ಅತ್ತೆ ಊಟಕ್ಕೆ ಕೂತಾಗಿದೆ. ನೀವು ಫೋನೇ ಮಾಡಿಲ್ಲ, ಆಯ್ತಾ?”

೪. ಬೆನ್ನು ತಿರುಗಿಸಿ

ತಿಂಗಳ ಕೊನೇ ದಿನ ಸೂಟು ಹಾಕಿದ ವ್ಯಾಪಾರಿಯೊಬ್ಬ ಹನ್ನೆರಡು ತಟ್ಟೆಯ ಸೆಟ್ಟು ತಂದ. ಒಂದೂ ಮುಕ್ಕಾಗಿಲ್ಲ ಅಂತ ಆಣೆ ಮಾಡಿದ. ಮೇಡಂ ಚೆಕ್ ಬರೆಯೋಕೆ ಪೆನ್ನು ತೆಗೆದರು. ನಾನು ಒಂದನ್ನೆತ್ತಿ ಕಿವಿಗೆ ಹಿಡಿದೆ.

“ಯಾರಿವನು, ಪಿಯಾನೋ ರಿಪೇರಿಯವನಾ?” ಅಂತ ವ್ಯಾಪಾರಿ ನಕ್ಕ.

ನನಗೆ ರೇಗಿತು. “ನಾನು ಗೋಡೆ ನೋಡ್ಕೊಂಡು ನಿಲ್ತೀನಿ. ನೀನೇ ತಟ್ಟು. ಕೆಟ್ಟದ್ದನ್ನ ನಾನು ಹೇಳ್ತೀನಿ.”

ಮೇಡಂ ನನ್ನ ಕಡೆ ಬಾಗಿ, “ತಪ್ಪಿದ್ರೆ ನಾಳೆ ಬರಬೇಡ” ಅಂದರು. ನನ್ನ ಕಣ್ಣ ಮುಂದೆ ಭಾವನ ಆಫೀಸು ಹಾದುಹೋಯಿತು.

ಟಿಣ್. “ಒಳ್ಳೇದು.” ಟಿಣ್. “ಒಳ್ಳೇದು.” ಹೀಗೇ ಆರು ಆಯಿತು. ಆಮೇಲೆ ಟಕ್.

“ಅದು ಮೇಜು” ಅಂದೆ.

ಮೇಡಂ ಗೊಳ್ಳೆಂದು ನಕ್ಕರು. ಒಂದು ತಿಂಗಳಿಂದ ಒಳಗಿಟ್ಟಿದ್ದ ನಗು ಅದು! ವ್ಯಾಪಾರಿ ಹಲ್ಲು ಕಚ್ಚಿ ಮತ್ತೆ ತಟ್ಟಿದ. ಏಳೂ ಎಂಟೂ ಒಳ್ಳೇವು, ಒಂಬತ್ತನೆಯ ತಟ್ಟೆ ಡಬ್ ಅಂತು.

“ಇದು ಹೋಗಿದೆ. ಮೇಲೆ ಬಣ್ಣ ಬಳಿದಿದ್ದಾರೆ.”

ಮೇಡಂ ದೀಪದ ಕೆಳಗೆ ಹಿಡಿದು ಉಗುರಿನಿಂದ ಕೆರೆದರು. ಬಣ್ಣ ಎದ್ದು ಬಂತು, ಅದರಡಿ ಬಿರುಕು. ವ್ಯಾಪಾರಿ ಪೆಟ್ಟಿಗೆ ಕಟ್ಟುವಷ್ಟರಲ್ಲಿ, “ನಿನ್ನ ಬೇರೆ ತಟ್ಟೆಗಳನ್ನೂ ತಂದು ಇವನಿಗೆ ಕೇಳಿಸು” ಅಂದರು ಮೇಡಂ.

ಸಂಜೆ ನನ್ನನ್ನು ಕರೆದು, ಕಾಗದದಲ್ಲಿ ಸುತ್ತಿದ್ದನ್ನು ಕೈಗಿತ್ತರು. ಬಿಚ್ಚಿ ನೋಡಿದೆ. ಅಂಗಡಿಯ ಬೀಗದ ಕೈ ಒಂದು, ಬಾಲದ ಕೆಳಗೆ ಬಿರುಕಿದ್ದ ಆ ನೀಲಿ ಕೋಳಿಯ ತಟ್ಟೆ ಒಂದು.