ಹೆಪ್ಪು ಹಿಡಿಯುವ ಊರು

ನಮ್ಮ ಮನೆಯಲ್ಲಿ ಯಾವ ಕೆಲಸವೂ ಒಂದೇ ಸಲಕ್ಕೆ ಸುಸೂತ್ರವಾಗಿ ಮುಗಿದದ್ದು ನನಗೆ ನೆನಪಿಲ್ಲ. ಕಡೂರಿನಿಂದ ಬೀರೂರಿಗೆ ಹೋಗಿ ಬರುವುದರೊಳಗೇ ನಾಲ್ಕು ಜನ ನಗುವಂಥದ್ದು ಏನಾದರೂ ಆಗಿರುತ್ತದೆ. ಅಂಥ ನಾವು ಸಂಸಾರ ಸಮೇತ ಕೆನಡಾಕ್ಕೆ ಹೊರಟೆವು ಅಂದರೆ ಕೇಳಬೇಕೇ?

ಹೊರಟಿದ್ದು ನನ್ನ ದೆಸೆಯಿಂದಲ್ಲ, ಹೆಂಡತಿಯ ದೆಸೆಯಿಂದ. ಅವಳು ತರೀಕೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಪರೀಕ್ಷೆ ಮೇಲೆ ಪರೀಕ್ಷೆ ಬರೆದು, ಕೆನಡಾದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಗಿಟ್ಟಿಸಿಕೊಂಡಳು. ನಾನು ಇಪ್ಪತ್ತು ವರ್ಷದಿಂದ ಕಡೂರಿನಲ್ಲಿ ಫ್ಯಾನು, ಮೋಟರು ರಿಪೇರಿ ಮಾಡಿಕೊಂಡಿದ್ದವನು. ಜೊತೆಗೆ ಎಂಟು ವರ್ಷದ ಮಗಳು, ನನ್ನ ಅಮ್ಮ. ಯಾವ ಯಂತ್ರ ಕಂಡರೂ ಬಿಚ್ಚಿ ನೋಡದೆ ನನಗೆ ಸಮಾಧಾನವಿಲ್ಲ. ಈ ಚಟ ಅಮ್ಮನಿಂದಲೇ ಬಂದದ್ದು. ಅವಳು ಬಿಚ್ಚುವುದು ಮನುಷ್ಯರನ್ನು, ಅಷ್ಟೇ ವ್ಯತ್ಯಾಸ.

ಮೈನಸ್ ಇಪ್ಪತ್ತು ಅಂದರೆ ಎಷ್ಟು?

ಆ ಊರಲ್ಲಿ ಚಳಿಗಾಲದಲ್ಲಿ ಮೈನಸ್ ಇಪ್ಪತ್ತು ಮಾಮೂಲು ಎಂದು ಹೆಂಡತಿ ಹೇಳಿದಳು. ಕಡೂರಿನವರಿಗೆ ಮೂವತ್ತೆಂಟು ಗೊತ್ತು, ಮೈನಸ್ ಗೊತ್ತಿಲ್ಲ. ನೋಡೇ ಬಿಡೋಣ ಅನ್ನಿಸಿತು. ಬೀರೂರಿನಲ್ಲಿ ನನಗೆ ಪರಿಚಯದ ಐಸ್ ಕ್ರೀಮ್ ಏಜೆಂಟ್ ಒಬ್ಬರಿದ್ದರು. ಅವರ ಕೋಲ್ಡ್ ರೂಮಿನ ಫ್ಯಾನ್ ಮೋಟರು ನಾನೇ ಕಟ್ಟಿಕೊಟ್ಟಿದ್ದೆ. ಒಂದು ಭಾನುವಾರ ಮನೆಮಂದಿಯನ್ನೆಲ್ಲ ಬಸ್ಸಿಗೆ ಹತ್ತಿಸಿಕೊಂಡು ಅಲ್ಲಿಗೆ ಹೋದೆ.

"ಎಲ್ರೂ ಐಸ್ ಕ್ರೀಮ್ ತಿನ್ನಕ್ಕೆ ಬತ್ತಾರೆ, ನೀವೇನ್ರೀ ಚಳಿ ತಿನ್ನಕ್ಕೆ ಬಂದಿದೀರಿ" ಎನ್ನುತ್ತಾ ಏಜೆಂಟ್ ಬಾಗಿಲು ತೆಗೆದರು. ಮೀಟರು ಸರಿಯಾಗಿ ಮೈನಸ್ ಇಪ್ಪತ್ತು ತೋರಿಸುತ್ತಿತ್ತು. ನಾನು ಅಂಗಿ ಬಿಚ್ಚಿ ಬನಿಯನ್ನಿನಲ್ಲೇ ಒಳಗೆ ಹೋದೆ. ಒಂದು ನಿಮಿಷಕ್ಕೆ ಕಿವಿ ಇದೆಯೋ ಇಲ್ಲವೋ ತಿಳಿಯಲಿಲ್ಲ. ಎರಡನೇ ನಿಮಿಷಕ್ಕೆ ಹಲ್ಲು ತಾವಾಗಿಯೇ ಲೆಕ್ಕ ಹೇಳಿಕೊಳ್ಳತೊಡಗಿದವು. ಹೊರಗೆ ಓಡಿಬಂದರೂ, ಹೆಂಡತಿಯ ಮುಂದೆ ಸೋಲೊಪ್ಪಬಾರದೆಂದು "ಪರ್ವಾಗಿಲ್ಲ, ಇರಬಹುದು" ಅಂದೆ.

ಅಮ್ಮ ಒಳಗೆ ಹೋಗಲೇ ಇಲ್ಲ. ಬಾಗಿಲಲ್ಲಿ ನಿಂತು ಕೈ ಮಾತ್ರ ತೂರಿಸಿದಳು, ಎಳೆದುಕೊಂಡಳು. ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದ ಡಬ್ಬಿಗಳನ್ನೂ ನನ್ನನ್ನೂ ಒಂದೆರಡು ಸಲ ನೋಡಿದಳು.

"ಲೇ, ಇಷ್ಟು ಚಳೀಲಿ ಐಸ್ ಕ್ರೀಮೇ ಮುಚ್ಚಳ ಹಾಕ್ಕೊಂಡ್ ಕೂತೈತೆ. ನೀನೇನೋ ಬನೀನಲ್ಲಿ ಹೋಗ್ತೀಯ!"

ಅಜ್ಜಂಪುರದ ಪ್ರಶ್ನೆಗಳು

ಹೇಳಿಬರಲು ಅಜ್ಜಂಪುರದ ಚಿಕ್ಕಪ್ಪನ ಮನೆಗೆ ಹೋದೆವು. ಸುದ್ದಿ ನಮಗಿಂತ ಮುಂಚೆ ಹೋಗಿ ಜಗುಲಿ ಮೇಲೆ ಕೂತಿತ್ತು. ಬೀದಿಯ ಅರ್ಧ ಜನ ಅಲ್ಲೇ ಇದ್ದರು.

"ಅಲ್ಲಿ ಬಟ್ಟೆ ಒಣಗ್ತದೇನಪ್ಪಾ?"

"ಹಸು ಎಲ್ಲಿ ಕಟ್ತಾರೆ?"

"ಮಳೆ ಬಂದ್ರೆ ದಾರೀಲೇ ಗಡ್ಡೆ ಕಟ್ಟಿ ತಲೆ ಮೇಲೆ ಬೀಳ್ತದಾ?"

ನಿಜ ಹೇಳಬೇಕೆಂದರೆ ಇವೆಲ್ಲ ನನ್ನ ಪ್ರಶ್ನೆಗಳೂ ಆಗಿದ್ದವು. ಚಿಕ್ಕಪ್ಪ ಬಹಳ ಹೊತ್ತು ಯೋಚಿಸಿ, "ನೆಲ ಕಲ್ಲಾಗಿರ್ತದಲ್ಲ, ಹೆಣ ಹೂಳೋದು ಹೆಂಗೆ?" ಅಂದರು. ಹೊರಡುವವರ ಮುಂದೆ ಅದೇನು ಮಾತು ಎಂದು ಚಿಕ್ಕಮ್ಮ ಅವರ ಕೈಗೆ ಕಾಫಿ ಲೋಟ ಕೊಟ್ಟು ಬಾಯಿ ಮುಚ್ಚಿಸಿದರು.

ಆಗ ಅಮ್ಮ ಕೇಳಿದಳು: "ಅಲ್ಲಿ ಹಾಲು ಮೊಸರಾಗ್ತದಾ?"

ಅಂಗಡಿಯಲ್ಲಿ ಮೊಸರು ಸಿಗುತ್ತದೆ ಎಂದು ಹೆಂಡತಿ ಹೇಳಿ ನೋಡಿದಳು. "ಅದು ಯಾರ ಮನೇದೋ, ಯಾವ ಹಸೂದೋ. ನನ್ನ ಹೆಪ್ಪು ಹಿಡೀಬೇಕು. ಹಿಡಿದ್ರೆ ಇರ್ತೀನಿ. ಮೂರು ತಿಂಗಳು ನೋಡ್ತೀನಿ, ಇಲ್ದಿದ್ರೆ ತರೀಕೆರೆಗೆ ಮಗಳ ಮನೆಗೆ ಬತ್ತೀನಿ" ಎಂದು ಅಮ್ಮ ಎಲ್ಲರೆದುರಿಗೆ ಷರತ್ತು ಹಾಕಿಬಿಟ್ಟಳು.

ಕೇಳಿದವರಿಗೆ ಇದು ತಮಾಷೆ. ನಮಗಲ್ಲ. ಹೆಂಡತಿಗೆ ಅಲ್ಲಿ ರಾತ್ರಿ ಪಾಳಿ, ಮಗಳು ಅಜ್ಜಿಯ ಸೆರಗು ಹಿಡಿಯದೆ ಮಲಗಿದವಳಲ್ಲ. ನನ್ನ ಮಾತು ಬಿಡಿ, ನಲವತ್ತು ದಾಟಿದರೂ ಅಮ್ಮ ಬೈಯದ ದಿನ ನನಗೆ ಊಟ ಸೇರುವುದಿಲ್ಲ. ವಾಪಸ್ ಬರುವ ಟಿಕೆಟ್ಟನ್ನೂ ಮೂರು ತಿಂಗಳಿಗೆ ತೆಗೆಸಿಯೇ ಅಮ್ಮ ಒಪ್ಪಿದ್ದು.

"ನಮ್ಮತ್ತೆ ಕಾಲದಿಂದ ಒಂದಿನಾನೂ ತಪ್ಪಿಲ್ಲ ಈ ಹೆಪ್ಪು" ಎಂದು ಅಮ್ಮ ಹೆಮ್ಮೆಯಿಂದ ಹೇಳಿದಳು.

ಚಿಕ್ಕಮ್ಮ ಮೆಲ್ಲಗೆ, "ಅಕ್ಕಾ, ಹೋದ ವರ್ಷ ಕೆಟ್ಟೋಯ್ತು ಅಂತ ನಮ್ಮನೆಯಿಂದ ತಗೊಂಡ್ ಹೋದ್ರಲ್ಲ?" ಅಂದರು.

"ಅದೂ ನಾನು ನಿನಗೆ ಕೊಟ್ಟಿದ್ದೇ ಕಣೇ. ಸಾಕಕ್ಕೆ ಬಿಟ್ಟಿದ್ದೆ!"

ಚೀಲದ ತೂಕ

ವಿಮಾನದಲ್ಲಿ ಒಂದೊಂದು ಚೀಲ ಇಪ್ಪತ್ತಮೂರು ಕೆಜಿ ಮೀರಬಾರದು. ನನ್ನ ಭಾವ ತರೀಕೆರೆಯ ಒಂದು ಅಡಿಕೆ ಮಂಡಿಯಲ್ಲಿ ತೂಕ ಹಾಕುವವರು. ಅವರಿಗಿಂತ ನಂಬಿಕಸ್ಥ ತಕ್ಕಡಿ ಎಲ್ಲಿ ಸಿಗಬೇಕು? ಚೀಲಗಳನ್ನೆಲ್ಲ ಮಂಡಿಗೇ ಸಾಗಿಸಿದೆ. ಭಾವ ಒಂದೊಂದನ್ನೇ ಇಟ್ಟು, "ಸರಿಯಾಗಿ ಇಪ್ಪತ್ತಮೂರು... ಇಪ್ಪತ್ತಮೂರು... ಇದೂ ಇಪ್ಪತ್ತಮೂರೇ" ಎಂದು ಕೂಗಿದರು. ನಾನು ನಿಶ್ಚಿಂತೆಯಿಂದ ಹಗ್ಗ ಬಿಗಿದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರತಿ ಚೀಲವೂ ಇಪ್ಪತ್ತೈದು ತೋರಿಸಿತು. ನಾನು ಕೌಂಟರಿನ ಹುಡುಗಿಯೊಂದಿಗೆ ನಿಮ್ಮ ತಕ್ಕಡಿಯೇ ಸರಿಯಿಲ್ಲ, ಬಿಚ್ಚಿ ನೋಡುತ್ತೇನೆ, ನನ್ನ ಹತ್ತಿರ ಸ್ಕ್ರೂಡ್ರೈವರ್ ಇದೆ ಎಂದೆಲ್ಲ ವಾದಕ್ಕಿಳಿದೆ. ಸ್ಕ್ರೂಡ್ರೈವರ್ ಹೆಸರು ಕೇಳಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಭಾವನಿಗೆ ಫೋನ್ ಮಾಡಿದೆ.

"ಇಪ್ಪತ್ತೈದೇ ಇತ್ತು ಕಣಯ್ಯಾ. ಚೀಲದ್ದು ಒಂದು ಕೇಜಿ, ತೇವದ್ದು ಒಂದು ಕೇಜಿ ಕಳೆದೆ. ಅಡಿಕೆ ಮೂಟೆಗೆ ಮೂವತ್ತು ವರ್ಷದಿಂದ ಹಂಗೇ ಕಳೀತಿದೀನಿ, ಅಲ್ಲಿ ಕಳೆಯಲ್ವಾ?"

ಇದನ್ನು ಆ ಹುಡುಗಿಗೂ ವಿವರಿಸಿದೆ. ಅವಳು ತೇವ ಎಂದರೇನೆಂದು ಕೇಳಿದಳು. ಕೊನೆಗೆ, ಮೈಮೇಲೆ ಹಾಕಿಕೊಂಡ ಬಟ್ಟೆಗೆ ತೂಕವಿಲ್ಲ ಎಂದು ತಿಳಿಸಿದಳು. ಅಮ್ಮ ಅಲ್ಲೇ ಚೀಲ ಬಿಚ್ಚಿದಳು. ಮೂರು ಸ್ವೆಟರು, ಎರಡು ಶಾಲು, ತರೀಕೆರೆ ದರ್ಜಿಯ ಕೈಲಿ ಕಂಬಳಿಯಲ್ಲಿ ಹೊಲಿಸಿದ್ದ ಕೋಟು, ಮೇಲೊಂದು ಮಂಕಿ ಕ್ಯಾಪು. ಬೆವರು ಸುರಿಸುತ್ತಾ ತಪಾಸಣೆಯ ಬಾಗಿಲಿಗೆ ಹೋದವಳನ್ನು ಅಲ್ಲಿದ್ದ ಅಧಿಕಾರಿ ಅನುಮಾನದಿಂದ ನೋಡಿದ.

"ಅಜ್ಜೀ, ಇದನ್ನೆಲ್ಲ ಯಾಕೆ ಹಾಕ್ಕೊಂಡಿದೀರ?"

"ನಮ್ಮ ಅಳಿಯಂದ್ರು ಮಂಡೀಲವ್ರೆ ಕಣಪ್ಪಾ" ಅಂದಳು ಅಮ್ಮ.

ಕೊಕ್ಕೆಯಿಲ್ಲದ ಸೂರು

ಹೊಸ ಮನೆಗೆ ಹೋದ ಕೂಡಲೇ ಬೇರೆಯವರು ಅಡುಗೆಮನೆ ನೋಡುತ್ತಾರೆ. ನಾನು ತಲೆಯೆತ್ತಿ ನೋಡಿದೆ. ಫ್ಯಾನ್ ಇರಲಿಲ್ಲ. ಫ್ಯಾನ್ ಇಲ್ಲದಿದ್ದರೆ ಹೋಗಲಿ, ಕೊಕ್ಕೆಯೂ ಇರಲಿಲ್ಲ. ಊರಿಗೆ ಊರೇ ಹೀಗೆ. ಇಪ್ಪತ್ತು ವರ್ಷದ ವಿದ್ಯೆ ಒಂದು ಕೊಕ್ಕೆಯೂ ಇಲ್ಲದ ಊರಿಗೆ ಬಂತಲ್ಲ ಎಂದು ಅಂದು ನನಗೆ ನಿಜವಾಗಿಯೂ ಬೇಜಾರಾಯಿತು. ಕೆಲವು ವಾರದ ನಂತರ ಮನೆಮನೆಗೆ ಪಾರ್ಸೆಲ್ ತಲುಪಿಸುವ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು.

ಅಮ್ಮನ ತೊಂದರೆ ಬೇರೆ. ಫ್ಯಾನಿನ ಟಕ್ ಟಕ್ ಸದ್ದಿಲ್ಲದೆ ಅವಳಿಗೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ. ಕಡೂರಿನಲ್ಲಿ ನನ್ನ ಅಂಗಡಿ ಪಕ್ಕದ ಹೋಟೆಲಿನವರಿಗೆ ಫೋನ್ ಮಾಡಿ, ನಿಮ್ಮ ಹಳೇ ಫ್ಯಾನಿನ ಸದ್ದು ರೆಕಾರ್ಡ್ ಮಾಡಿ ಕಳಿಸಿ ಅಂದೆ. ಪುಣ್ಯಾತ್ಮ ಅರ್ಧ ಗಂಟೆಯಷ್ಟು ಕಳಿಸಿದರು. ಅಮ್ಮ ಫೋನು ದಿಂಬಿನ ಪಕ್ಕ ಇಟ್ಟುಕೊಂಡು ಹಾಯಾಗಿ ಗೊರಕೆ ಹೊಡೆದಳು. ಆದರೆ ಇಪ್ಪತ್ತನೇ ನಿಮಿಷಕ್ಕೆ ಫೋನಿನೊಳಗಿನಿಂದ ಯಾರೋ ಗಿರಾಕಿ "ಒಂದ್ ಬೈಟು ಕಾಫಿ!" ಎಂದು ಕೂಗುತ್ತಿದ್ದ. ದಿನವೂ ಅದೇ ಇಪ್ಪತ್ತನೇ ನಿಮಿಷಕ್ಕೆ ಅಮ್ಮ ದಡಬಡಿಸಿ ಎದ್ದು ಕೂರುತ್ತಿದ್ದಳು.

"ಯಾರೋ ಪಾಪ, ದಿನಾ ಕೇಳ್ತಾನೆ ಕಣೋ. ಒಂದಿನಾನಾದ್ರೂ ಕೊಟ್ರಾ ಇಲ್ವಾ, ಫೋನ್ ಮಾಡಿ ಕೇಳು."

ಹಾಲಿಗೆ ಜ್ವರದ ಚಾರ್ಟು

ಹೆಪ್ಪಿನ ವಿಷಯಕ್ಕೆ ಬರೋಣ. ಗಟ್ಟಿ ಮೊಸರಿನಲ್ಲಿ ಶುಭ್ರವಾದ ಬಟ್ಟೆ ಅದ್ದಿ, ಒಣಗಿಸಿ, ಆರು ಚೂರು ಮಾಡಿ ಅಮ್ಮ ತಂದಿದ್ದಳು. ಒಂದು ಚೂರನ್ನು ಹಾಲಿನಲ್ಲಿ ನೆನೆಸಿದರೆ ಒಂದು ಸಲಕ್ಕೆ ಹೆಪ್ಪು.

ಮೊದಲ ಸಲ ಕಟ್ಟೆಯ ಮೇಲಿಟ್ಟಳು. ಬೆಳಿಗ್ಗೆ ಹಾಲು ಹಾಲೇ ಆಗಿತ್ತು. ಎರಡನೇ ಸಲ ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು. ಹಾಲು ಅಕ್ಕಿಯಷ್ಟೇ ತಣ್ಣಗಿತ್ತು. ಮೂರನೇ ಸಲ ನಾನು ಬುದ್ಧಿವಂತಿಕೆ ಮಾಡಿ ಓವನ್ನಿನಲ್ಲಿಟ್ಟೆ. ಅದು ಮೊಸರಾಗುವ ಗೋಜಿಗೇ ಹೋಗದೆ ನೇರ ಒಡೆದು ಪನೀರ್ ಆಯಿತು. ನಾಲ್ಕನೆಯದು ಹೀಟರಿನ ಮೇಲೆ ನೊರೆ ನೊರೆಯಾಗಿ ಉಕ್ಕಿತು. ಐದನೇ ಸಲಕ್ಕೆ ಹೆಂಡತಿ ಆಸ್ಪತ್ರೆಯ ಶಿಸ್ತು ತಂದಳು. ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ, ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು, ಗೋಡೆಯ ಮೇಲೆ ಚಾರ್ಟ್ ಬರೆದಳು. ಮೂವತ್ತೆಂಟು, ಮೂವತ್ತೈದು, ಮೂವತ್ತು, ಇಪ್ಪತ್ತನಾಲ್ಕು. ಮಗಳು ಶಾಲೆಯಿಂದ ಬಂದು ಚಾರ್ಟ್ ನೋಡಿ ಹೆದರಿ, "ಯಾರಮ್ಮಾ ಸಾಯ್ತಿರೋದು?" ಎಂದು ಕೇಳಿದಳು.

"ನಮ್ಮತ್ತೆ ಹೆಪ್ಪು ಕಣೇ" ಅಂದಳು ಅಮ್ಮ.

ಬೆಲ್ಟ್ ಹಾಕಿದ ಕೂಸು

ಉಳಿದದ್ದು ಒಂದೇ ಚೂರು, ಒಂದೇ ದಿನ. ಮಾರನೇ ಬೆಳಿಗ್ಗೆ ಅಮ್ಮನ ವಿಮಾನ. ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು. ಮಗಳು ಆ ಚೀಲದ ಮೇಲೇ ಕೂತು ತಿಂಡಿ ತಿಂದಳು, ಏಳಲಿಲ್ಲ.

ವ್ಯಾನ್ ತೆಗೆಯಲು ಹೋದವನಿಗೆ ಅಡಿಯಿಂದ ಬಿಸಿ ತಾಗಿತು. ಆ ದೇಶದ ಗಾಡಿಗಳಲ್ಲಿ ಸೀಟು ಬೆಚ್ಚಗಾಗುತ್ತದೆ, ದಿನವಿಡೀ ಒಂದೇ ಹದ. ಇಷ್ಟು ವಾರ ಅದರ ಮೇಲೆ ಕೂತು ಓಡಾಡಿದ್ದೇನೆ, ತಲೆಗೆ ಹೋಗಿರಲಿಲ್ಲ! ಓಡಿ ಒಳಗೆ ಬಂದೆ. ಅಮ್ಮ ಕೊನೇ ಚೂರು ಹಾಕಿ ಪಾತ್ರೆ ಮುಚ್ಚಿದಳು, ಕಂಬಳಿ ಸುತ್ತಿದಳು, ಬಿಸಿ ಹೋಗದಿರಲಿ ಎಂದು ಮೇಲೆ ಮಗಳ ಗುಲಾಬಿ ಬಣ್ಣದ ಟೋಪಿ ತೊಡಿಸಿದಳು. ಪಕ್ಕದ ಸೀಟಿನಲ್ಲಿಟ್ಟರೆ, ಬೆಲ್ಟ್ ಹಾಕಿಲ್ಲವೆಂದು ವ್ಯಾನು ಕುಯ್ಯೋ ಎಂದು ಕೂಗಿಕೊಂಡಿತು. ಬೆಲ್ಟೂ ಹಾಕಿದೆ. ಅಂದು ಊರೆಲ್ಲ ಪಾರ್ಸೆಲ್ ಹಂಚಿದ್ದೇನೆ, ಒಂದು ಗುಂಡಿಗೂ ಗಾಡಿ ಇಳಿಸಿಲ್ಲ.

ಮೂರೂವರೆಗೆ ಊಟಕ್ಕೆ ಮನೆಗೆ ಬಂದೆ. ಸೀಟು ತಣ್ಣಗಾಗಬಾರದೆಂದು ಇಂಜಿನ್ ಚಾಲೂ ಬಿಟ್ಟು, ಇನ್ನೊಂದು ಕೀಲಿಯಿಂದ ಬಾಗಿಲು ಹಾಕಿ ಒಳಗೆ ಕೂತೆ. ಎರಡು ತುತ್ತು ತಿಂದಿರಲಿಲ್ಲ, ಯಾರೋ ಬಾಗಿಲು ಮುರಿಯುವಂತೆ ಬಡಿದರು. ಪಕ್ಕದ ಮನೆಯ ಹೆಂಗಸು.

"ನಿಮ್ಮ ಮಗು! ಇಷ್ಟು ಚಳಿಯಲ್ಲಿ ಗಾಡಿಯಲ್ಲಿ ಬಿಟ್ಟಿದ್ದೀರಿ!"

"ನಮ್ಮ ಮಗು ಇಲ್ಲೇ ಇದೆಯಲ್ಲ" ಎಂದು ಮಗಳನ್ನು ತೋರಿಸಿದೆ.

"ಇವಳಲ್ಲ, ಇನ್ನೊಂದು!"

ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಹೆಂಡತಿ ಆಗಷ್ಟೇ ಎದ್ದು ಬಂದವಳು, "ಇನ್ನೊಂದಾ? ಯಾವ್ದ್ರೀ ಅದು?" ಎಂದು ನನ್ನನ್ನು ನೋಡಿದ ನೋಟ ಇದೆಯಲ್ಲ, ಮೈನಸ್ ಇಪ್ಪತ್ತು ಎಂದರೆ ಎಷ್ಟೆಂದು ಸರಿಯಾಗಿ ತಿಳಿದದ್ದು ಆಗಲೇ.

ಹೊರಗೆ ಪೊಲೀಸ್ ಗಾಡಿ ಬಂದು ನಿಂತಿತ್ತು. ಆ ಹೆಂಗಸು ಮೊದಲೇ ಫೋನ್ ಮಾಡಿದ್ದಳು. ತೆಂಗಿನಮರದಷ್ಟು ಎತ್ತರದ ಪೊಲೀಸಿನವನು ಗಾಜಿನಲ್ಲಿ ಇಣುಕಿ, ಬಾಗಿಲು ತೆಗೆ ಎಂದು ನನಗೆ ಹೇಳಿದ. ಅಮ್ಮ ಬರಿಗಾಲಲ್ಲಿ ಹಿಮದ ಮೇಲೆ ಓಡಿಬಂದು ವ್ಯಾನಿಗೆ ಅಡ್ಡ ನಿಂತಳು.

"ಮುಟ್ಟಬ್ಯಾಡ ಅಂತ ಹೇಳೋ! ಅಲ್ಲಾಡ್ಸಿದ್ರೆ ಹೋಯ್ತದೆ!"

ಮಗಳು ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳು: "ಅಲ್ಲಾಡಿಸಿದರೆ ಸತ್ತುಹೋಗುತ್ತಂತೆ." ಪಕ್ಕದ ಮನೆಯವಳು ಅಳತೊಡಗಿದಳು. ಪೊಲೀಸಿನವನ ಮುಖ ಬಿಳುಚಿಕೊಂಡಿತು.

ಬಾಗಿಲು ತೆಗೆದೆ. ಅವನು ಬೆಲ್ಟ್ ಬಿಚ್ಚಿದ, ಕೂಸನ್ನು ಎತ್ತಿಕೊಳ್ಳುವಂತೆ ಎರಡು ಕೈಯಲ್ಲಿ ಎತ್ತಿಕೊಂಡ, ಟೋಪಿ ಸರಿಸಿದ. ಸ್ಟೀಲ್ ಮುಚ್ಚಳ. ಮುಚ್ಚಳವನ್ನು ಅಮ್ಮ ತೆಗೆದಳು. ನಮ್ಮ ನಾಲ್ಕು ತಲೆಗಳೂ ಒಟ್ಟಿಗೆ ಬಗ್ಗಿದವು. ಅಮ್ಮ ಪಾತ್ರೆಯನ್ನು ಒಂದಿಷ್ಟು ಓರೆ ಮಾಡಿದಳು.

ಅಲುಗಲಿಲ್ಲ. ಗಟ್ಟಿ ಮೊಸರು, ಮೇಲೆ ಕೆನೆ.

"ಹಿಡೀತು" ಅಂದಳು ಅಮ್ಮ. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನನ್ನದನ್ನು ಯಾರೂ ನೋಡಲಿಲ್ಲ.

ಮಗಳು ಎಲ್ಲವನ್ನೂ ವಿವರಿಸಿ ಮುಗಿಸುವ ಹೊತ್ತಿಗೆ ಪೊಲೀಸಿನವನು ಗಾಡಿಗೆ ಒರಗಿ ನಗುತ್ತಿದ್ದ. ಅಮ್ಮ ಇಬ್ಬರ ಅಂಗೈಗೂ ಒಂದೊಂದು ಚಮಚ ಹಾಕಿದಳು. ಪಕ್ಕದ ಮನೆಯವಳು ಚಪ್ಪರಿಸಿ, ತನಗೂ ಮಾಡುವುದು ಕಲಿಸುವಿರಾ, ಹಾಕಲು ಒಂದಿಷ್ಟು ಕೊಡುವಿರಾ ಎಂದು ಕೇಳಿದಳು. ಅಷ್ಟರಲ್ಲಿ ನಾಲ್ಕೂವರೆ. ಕತ್ತಲಾಗಿ ಬೀದಿ ದೀಪ ಹತ್ತಿಕೊಂಡಿದ್ದವು. ಅಮ್ಮ ದೀಪ ನೋಡಿ ತಟ್ಟನೆ ಮುಚ್ಚಳ ಹಾಕಿದಳು.

"ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರ್ದು. ನಾಳೆ ಬೆಳಿಗ್ಗೆ ಬಾ ಅನ್ನು."

ಮಗಳು ಹೇಳಲು ಬಾಯಿ ತೆರೆದವಳು ಅಲ್ಲೇ ನಿಂತಳು. "ಅಜ್ಜೀ, ನಾಳೆ ಬೆಳಿಗ್ಗೆ ನಿನಗೆ ವಿಮಾನ ಅಲ್ವಾ?"

"ಹೆಪ್ಪಿಗೆ ಬಾ ಅಂದ್ಬಿಟ್ಟು ಮನೆ ಬಿಟ್ಟು ಹೋಗಕ್ಕಾಯ್ತದೇನೇ? ನಮ್ಮಲ್ಲಿ ಯಾರು ಹಂಗೆ ಮಾಡ್ತಾರೆ?" ಎಂದು ಅಮ್ಮ ಪಾತ್ರೆ ಎತ್ತಿಕೊಂಡು ಮನೆಯತ್ತ ತಿರುಗಿದಳು. ಎರಡು ಹೆಜ್ಜೆ ಹೋದವಳು ನಿಂತಳು.

"ಆ ಪೊಲೀಸಪ್ಪಂಗೂ ಬರಕ್ಕೆ ಹೇಳು. ಬರೋವಾಗ ಪಾತ್ರೆ ಅವನೇ ತರ್ಲಿ. ನಮ್ಮ ಪಾತ್ರೆ ಕೊಟ್ರೆ ವಾಪಸ್ ಬರಲ್ಲ, ಆಮೇಲೆ ಯಾವ ಪೊಲೀಸಿಗೆ ಹೇಳೋದು?"