ಶೂಲಿಯೆನ್ ಕ್ಷಮಿಸಿದಳೇ?

ಬೆಳಗಿನ ಗಂಜಿ ಕುಡಿದು ಸುಮ್ಮನೆ ಮನೆಯಲ್ಲಿದ್ದಿದ್ದರೆ ಮಿಂಗ್‌ಥಾಂಗ್‌ಗೆ ಏನೂ ಆಗುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರ ಮುಂದೆ ಹಾಕಬೇಕಾದ ಟೇಪು, ಒಮ್ಮೆ ಪರೀಕ್ಷೆ ಮಾಡಿಬಿಡೋಣ ಎಂದು ಏಳು ಗಂಟೆಗೇ ಕಡಲದೇವತೆ ಮಾಜು ಅಮ್ಮನ ಗುಡಿಗೆ ಬಂದ. ಟೇಪು ಹಾಕಿದ. ಪ್ರೇತ ಬರಬೇಕಾದಲ್ಲಿ ದಾಂಡು ಹಿಡಿದ ಗಂಡಸೊಬ್ಬ ಬಂದು ನೆಲಕ್ಕೆ ಉಗುಳಿದ.

ಬೇಸ್‌ಬಾಲ್! ಮುಂದಕ್ಕೆ ಓಡಿಸಿದರೂ ಬೇಸ್‌ಬಾಲ್, ಹಿಂದಕ್ಕೆ ಓಡಿಸಿದರೂ ಬೇಸ್‌ಬಾಲ್.

‘ಕಾಗದದ ಕೊಡೆ’ ಧಾರಾವಾಹಿ ಮೂವತ್ತನಾಲ್ಕು ವರ್ಷ ಹಳೆಯದು. ಗಂಡ ಮೋಸ ಮಾಡಿದನೆಂದು ಬಾವಿಗೆ ಬಿದ್ದ ಶೂಲಿಯೆನ್, ಪ್ರೇತವಾಗಿ ಒಂದು ಕೊಡೆಯೊಳಗೆ ಅಡಗಿಕೊಂಡು ಊರೂರು ಅಲೆದು, ಮೂವತ್ತೊಂಬತ್ತನೇ ಕಂತಿನ ಕೊನೆಗೆ ಗಂಡನ ಬಾಗಿಲು ತಟ್ಟುತ್ತಾಳೆ. ನಲವತ್ತನೆಯದೇ ಕಡೆಯ ಕಂತು. ಅದರಲ್ಲಿ ಅವಳು ಗಂಡನನ್ನು ಕ್ಷಮಿಸಿದಳೋ, ಬಾವಿಗೆಳೆದಳೋ ಎಂದು ಲುಕಾಂಗ್ ಊರಿನ ಈ ಓಣಿ ಅಂದಿನಿಂದಲೂ ಜಗಳವಾಡುತ್ತಿದೆ.

“ಬಾವಿಗೆ ಎಳೆದ್ಲು. ಅವತ್ತು ಟಿ.ವಿ. ಮುಂದೆ ಕೂತು ನಾನು ಎದೆ ಬಡ್ಕೊಂಡು ಅತ್ತಿದ್ದೀನಿ!” ಎನ್ನುವವಳು ಮೀನುಂಡೆ ಅಂಗಡಿಯ ಗ್ವೆಹುವಾ.

“ಕ್ಷಮಿಸಿದ್ಲು. ಕಣ್ಣಾರೆ ನೋಡಿದ್ದೀನಿ, ಟೇಪೂ ನನ್ನ ಹತ್ರಾನೇ ಇದೆ!” ಎನ್ನುವವನು ಮಿಂಗ್‌ಥಾಂಗ್.

ಹೋದ ವರ್ಷ ಯಾರೋ ಗುಡಿಗೆ ಹಳೆಯ ಟೇಪು ಯಂತ್ರ ಕೊಟ್ಟರು. ಅಂದಿನಿಂದ ಮಿಂಗ್‌ಥಾಂಗ್‌ನ ಟೇಪುಗಳಲ್ಲಿ ವಾರಕ್ಕೊಂದರಂತೆ ಮೂವತ್ತೊಂಬತ್ತು ಕಂತು ನೋಡಿದ್ದಾಯಿತು. ಕಳೆದ ಭಾನುವಾರ ಜಗಳ ತಾರಕಕ್ಕೇರಿ, ಸೋತವರು ಬದುಕಿರುವವರೆಗೂ ಶೂಲಿಯೆನ್ ಬಗ್ಗೆ ಬಾಯಿ ತೆರೆಯಕೂಡದು ಎಂದು ಇಬ್ಬರೂ ಅಮ್ಮನ ಮುಂದೆ ಆಣೆ ಇಟ್ಟರು.

ನಿಜ ಹೇಳಬೇಕೆಂದರೆ ಮಿಂಗ್‌ಥಾಂಗ್ ಆ ಕಂತನ್ನು ನೋಡಿಯೇ ಇರಲಿಲ್ಲ. ಅವತ್ತು ಮಾವನ ಅರವತ್ತರ ಊಟವಿತ್ತು. ಯಂತ್ರಕ್ಕೆ ಹೊತ್ತು ಹೊಂದಿಸಿಟ್ಟು ಹೆಂಡತಿ ಬೀಯುನ್ ಜೊತೆ ಹೊರಟಿದ್ದ. “ನಾಳೆ ಒಟ್ಟಿಗೆ ನೋಡೋಣ. ಆದ್ರೆ ಬರೆದಿಟ್ಕೊಳ್ಳಿ, ಅವಳು ಕ್ಷಮಿಸ್ತಾಳೆ,” ಎಂದಿದ್ದಳು ಬೀಯುನ್. ಮರುದಿನ ತಲೆನೋವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಮರಳಲಿಲ್ಲ. ಒಬ್ಬನೇ ಕೂತು ಆ ಟೇಪು ನೋಡುವ ಧೈರ್ಯ ಅವನಿಗೆ ಬರಲೇ ಇಲ್ಲ. ಅವಳ ಮಾತೊಂದನ್ನೇ ನಂಬಿ ಇಷ್ಟು ವರ್ಷ ವಾದಿಸಿದ್ದ. ಆ ವಾದ ನಿಂತರೆ ಅವಳ ದನಿಯೂ ನಿಂತಂತೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಊಟಕ್ಕೆ ಹೊರಡುವ ಗಡಿಬಿಡಿಯಲ್ಲಿ ತಾನೇ ತಪ್ಪು ಚಾನೆಲ್ ಒತ್ತಿರಬೇಕು ಎಂದು ಹಣೆ ಚಚ್ಚಿಕೊಂಡ. ಕೂಡಲೇ ಕೋಣೆಯ ಫ್ಯೂಸು ಕಿತ್ತು ಜೇಬಿಗಿಳಿಸಿದ.

ಮಧ್ಯಾಹ್ನ ಜನ ಸೇರಿದಾಗ ಗುಡಿಯ ಪಾರುಪತ್ಯದ ಲಿಯಾವ್ ತಾತ ಬಂದವನೇ ಫ್ಯೂಸಿನ ಜಾಗಕ್ಕೆ ಒಂದು ತಂತಿ ಸುತ್ತಿ ದೀಪ ಹತ್ತಿಸಿಬಿಟ್ಟ. “ಏಳನೇ ತಿಂಗಳು ಕಣಪ್ಪ, ಅತಿಥಿಗಳು ಓಡಾಡೋ ಕಾಲ. ಏನಾದ್ರೂ ಚೇಷ್ಟೆ ಇದ್ದೇ ಇರುತ್ತೆ,” ಎಂದ. ಅತಿಥಿಗಳೆಂದರೆ ಪ್ರೇತಗಳು. ಅವರಿಗೆಂದು ಮುಂದಿನ ಸಾಲಿನ ಐದು ಕುರ್ಚಿ ಖಾಲಿ ಬಿಟ್ಟು, ಒಂದೊಂದರ ಮುಂದೂ ಚಹಾ ಬಟ್ಟಲಿಟ್ಟ.

ಮಿಂಗ್‌ಥಾಂಗ್ ಹೊಟ್ಟೆ ಹಿಡಿದುಕೊಂಡು ಬಗ್ಗಿದ. “ಅಯ್ಯೋ, ನೋವು! ಮುಂದಿನ ತಿಂಗಳು ನೋಡೋಣ.”

“ಇದಕ್ಕೆಲ್ಲ ಯಾಕಣ್ಣ ಮುಂದಿನ ತಿಂಗಳು?” ಎಂದು ಪಕ್ಕದ ಕಷಾಯದಂಗಡಿಯ ಫೂ ಓಡಿಹೋಗಿ ದೊಡ್ಡ ಬಟ್ಟಲು ತಂದ. ಬೇವಿನ ಕಷಾಯವೂ ಪಾಯಸ ಅನ್ನಿಸಬೇಕು, ಅಂಥ ಕಹಿ. ಗ್ವೆಹುವಾ ಅವನ ಮೂಗು ಹಿಡಿದಳು, ಫೂ ಬಾಯಿಗೆ ಸುರಿದ. ಇಲ್ಲದ ನೋವು ಆ ಕ್ಷಣಕ್ಕೆ ಬಂದೇಬಿಟ್ಟಿತು.

ಉಳಿದದ್ದು ಒಂದೇ ದಾರಿ. “ಅಮ್ಮನ ಅಪ್ಪಣೆ ಕೇಳೋಣ. ಸಾಲಾಗಿ ಮೂರು ಸಲ ಒಪ್ಪಿದ್ರೆ ಮಾತ್ರ ಟೇಪು,” ಎಂದ. ಅರ್ಧಚಂದ್ರದ ಎರಡು ಮರದ ತುಂಡುಗಳಲ್ಲಿ ಒಂದು ಅಂಗಾತ, ಒಂದು ಬೋರಲು ಬಿದ್ದರೆ ಅಮ್ಮ ಒಪ್ಪಿದಳೆಂದು ಅರ್ಥ. ಮೂರು ಸಲ ಸಾಲಾಗಿ ಬೀಳುವುದುಂಟೇ? ಮಂಡಿಯೂರಿ, “ನಲವತ್ತನೇ ಕಂತು ಇವತ್ತು ನಿನ್ನ ಸನ್ನಿಧಿಯಲ್ಲಿ ತೋರಿಸಲೇನಮ್ಮಾ?” ಎಂದು ಜೋರಾಗಿಯೂ, “ಬೇಡ ಅನ್ನು ತಾಯೀ” ಎಂದು ಮನಸ್ಸಿನಲ್ಲೂ ಕೇಳಿಕೊಂಡು ಎಸೆದ.

ಒಪ್ಪಿಗೆ. ಮತ್ತೆ ಒಪ್ಪಿಗೆ. ಮೂರನೆಯದೂ ಒಪ್ಪಿಗೆ!

“ಅಮ್ಮನಿಗೇ ನೋಡ್ಬೇಕಂತೆ!” ಎಂದು ಗ್ವೆಹುವಾ ಕೈಮುಗಿದಳು.

ಟೇಪು ತಿರುಗಿತು. ದಾಂಡಿನವನು ಬಂದ, ಉಗುಳಿದ. “ತಪ್ಪಾಯ್ತು, ನಾನೇ ಹಾಳು ಮಾಡಿದೆ,” ಎಂದು ಮಿಂಗ್‌ಥಾಂಗ್ ನೆಲಕ್ಕೆ ಕುಸಿದ.

“ತಾಳು, ಕೆಳಗೆ ಏನೋ ಓಡ್ತಿದೆ,” ಎಂದು ಲಿಯಾವ್ ತಾತ ಕನ್ನಡಕ ಏರಿಸಿ ಪರದೆಯ ಅಡಿಯಲ್ಲಿ ಸರಿಯುತ್ತಿದ್ದ ಅಕ್ಷರಗಳನ್ನು ಓದಿದ. “ಪಂದ್ಯದ ಕಾರಣ ‘ಕಾಗದದ ಕೊಡೆ’ಯ ಕಡೆಯ ಕಂತು ರದ್ದಾಗಿದೆ. ಮುಂದೆಯೂ ಪ್ರಸಾರವಾಗುವುದಿಲ್ಲ.”

ಎಲ್ಲರೂ ನಿಧಾನವಾಗಿ ಗ್ವೆಹುವಾಳ ಕಡೆ ತಿರುಗಿದರು.

“ಹಂಗಾದ್ರೆ ಅವತ್ತು ಎದೆ ಬಡ್ಕೊಂಡು ಅತ್ತಿದ್ದು ಯಾತಕ್ಕಕ್ಕ?” ಎಂದ ಫೂ.

“ನಮ್ಮೋರು ಪಂದ್ಯ ಸೋತ್ರೇನೋ,” ಎಂದಳು ಗ್ವೆಹುವಾ, ನೆಲ ನೋಡುತ್ತ. ಆಮೇಲೆ ತಲೆಯೆತ್ತಿದಳು. “ನೀನು ಕಣ್ಣಾರೆ ನೋಡಿದ್ದೇನು ಮತ್ತೆ, ಮಿಂಗ್‌ಥಾಂಗಣ್ಣ?”

ಇಬ್ಬರೂ ಸುಳ್ಳರಾದ ಮೇಲೆ ಸೋತವರಾರು? ಬದುಕಿದೆ ಎಂದುಕೊಂಡ ಮಿಂಗ್‌ಥಾಂಗ್.

“ಅಮ್ಮ ಮೂರು ಸಲ ಒಪ್ಪಿದ್ದಾಳೆ. ಅತಿಥಿಗಳೂ ಕಾದು ಕೂತಿದ್ದಾರೆ,” ಎಂದ ಲಿಯಾವ್ ತಾತ ಗಂಭೀರವಾಗಿ. “ತೋರಿಸ್ತೀನಿ ಅಂದೋನು ನೀನು. ಟೇಪಲ್ಲಿ ಇಲ್ದಿದ್ರೆ ಆಡಿ ತೋರಿಸು.”

ಕಾಗದದ ಕೊಡೆಯೊಂದನ್ನು ಕೈಗೆ ತುರುಕಿದರು. ಅರವತ್ತೆಂಟರ ಮಿಂಗ್‌ಥಾಂಗ್ ಖಾಲಿ ಕುರ್ಚಿಗಳ ಮುಂದೆ ಶೂಲಿಯೆನ್ ಆಗಿ ನಿಂತು, “ಕ್ಷಮಿಸಿದ್ದೀನಿ,” ಎಂದ. ಲಿಯಾವ್ ತಾತ ಎಸೆದ ತುಂಡುಗಳು ಎರಡೂ ಬೋರಲು ಬಿದ್ದವು. ಅಮ್ಮ ಒಪ್ಪಲಿಲ್ಲ. ಇನ್ನೊಮ್ಮೆ ಎಂದ, ಮತ್ತೆ ಬೋರಲು. ಐದನೆಯ ಸಲ ಅವನಿಗೆ ಕುರ್ಚಿಗಳು ಕಾಣಲಿಲ್ಲ, ಬೀಯುನ್ ಕಂಡಳು. “ನಾಳೆ ಅಂದೆ, ಆ ನಾಳೆ ಬರ್ಲಿಲ್ಲ. ಹೋಗ್ಲಿ ಬಿಡು, ಎಲ್ಲಾ ಕ್ಷಮಿಸಿದ್ದೀನಿ,” ಎಂದ. ಫೂ ಕಣ್ಣೊರೆಸಿಕೊಂಡ. ಗ್ವೆಹುವಾ ತೋಳಿನಲ್ಲೇ ಮೂಗೊರೆಸಿಕೊಂಡಳು.

ಬೋರಲು.

“ಕೊಡು ಇಲ್ಲಿ,” ಎಂದು ಗ್ವೆಹುವಾ ಕೊಡೆ ಕಸಿದುಕೊಂಡು, ಮೀನು ಮಾರುವ ಗಂಟಲಲ್ಲಿ “ನಡಿಯೋ ಬಾವಿಗೆ!” ಎಂದು ಒಂದೇ ಸಲ ಅರಚಿದಳು. ಲಿಯಾವ್ ತಾತ ತುಂಡು ಎಸೆದ. ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ.

ಮುಂದಿನ ಭಾನುವಾರ ಮತ್ತೆ ಒಂದನೇ ಕಂತಿನಿಂದ ಶುರುವಾಯಿತು. ಟೇಪು ಹಾಕುವವನು ಮಿಂಗ್‌ಥಾಂಗ್. “ನೋಡ್ರೋ, ಮದುವೆ ದಿನಾನೇ ಇವಳ ಕಣ್ಣಲ್ಲಿ ಸೇಡು ಹೆಂಗಿದೆ!” ಎಂದಳು ಗ್ವೆಹುವಾ. ಮಿಂಗ್‌ಥಾಂಗ್ ತಟ್ಟನೆ ಬಾಯಿ ತೆರೆದ. ಲಿಯಾವ್ ತಾತ ಆಣೆ ನೆನಪಿಸುವಂತೆ ತಿರುಗಿ ನೋಡಿದ. ತೆರೆದ ಬಾಯಿಗೆ ಮಿಂಗ್‌ಥಾಂಗ್ ಒಂದು ಹಿಡಿ ಕಲ್ಲಂಗಡಿ ಬೀಜ ಹಾಕಿಕೊಂಡು ಅಗಿಯತೊಡಗಿದ. ಇನ್ನೂ ಮೂವತ್ತೆಂಟು ವಾರ ಬಾಕಿಯಿತ್ತು.