ಸೋಮವಾರದ ಮೇಷ್ಟ್ರು, ಮಂಗಳವಾರದ ಮೇಷ್ಟ್ರು

ಡೆಲ್ಫೀನಾ: ಮಾತಾಡೋಕೆ ಬರಲ್ಲ ಅಂತೀರಾ? ನನಗೆ?

ಒಫೀಲಿಯಾ: ನಾನು ಅಂದಿಲ್ಲಮ್ಮ, ಕಂಪ್ಯೂಟರ್ ಅಂದಿದೆ.

ಡೆಲ್ಫೀನಾ: ಹಾಗಾದ್ರೆ ಅದನ್ನೇ ಹೊರಗೆ ಕರೀರಿ, ಮುಖಾಮುಖಿ ಕೇಳೇಬಿಡ್ತೀನಿ!

(ಡೆಲ್ಫೀನಾ ಬೋರ್ಬಾ ಹನ್ನೊಂದು ವರ್ಷದಿಂದ ಶಾಲೆಯ ಬಸ್ಸು ಓಡಿಸುವವಳು. ಹಿಂದಿನ ಸೀಟಿನಲ್ಲಿ ಯಾವನಾದರೂ ಯಾವಳದಾದರೂ ಜಡೆ ಎಳೆದರೆ, ಕನ್ನಡಿಯಲ್ಲಿ ನೋಡಿ ಅವಳು ಹಾಕುವ ಒಂದು ಕೂಗಿಗೆ ರಸ್ತೆ ಪಕ್ಕದ ದ್ರಾಕ್ಷಿ ತೋಟದಲ್ಲಿ ಗೊಂಚಲು ಕೊಯ್ಯುವವರೂ ಕೈ ಕೆಳಗಿಳಿಸುತ್ತಾರೆ. ಆ ಮಕ್ಕಳಿಗೇ ಟೀಚರ್ ಆಗಬೇಕು ಅನ್ನುವ ಹಟದಲ್ಲಿ ನಮ್ಮೂರ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಮುಗಿಸಿದ್ದಾಳೆ. ಉಳಿದ ಎರಡು ವರ್ಷ ಈ ವಿಶ್ವವಿದ್ಯಾಲಯದಲ್ಲಿ; ಇಲ್ಲಿಯ ದಾಖಲಾತಿ ಕೌಂಟರಿನಲ್ಲಿ ಕೂತವಳೇ ಒಫೀಲಿಯಾ. ಸೀಟೂ ಸಿಕ್ಕಿದೆ. ಆದರೆ ಅಲ್ಲಿ ಪಾಸಾದ ‘ಸಭೆಯಲ್ಲಿ ಮಾತು’ ಅನ್ನುವ ಒಂದು ಪಾಠ ಇಲ್ಲಿ ಲೆಕ್ಕಕ್ಕೆ ಬರುತ್ತಿಲ್ಲ. ಇವತ್ತು ಸಂಜೆಯೊಳಗೆ ಬರದಿದ್ದರೆ ಸೀಟು ಬೇರೆಯವರ ಪಾಲು. ನಾನು ಗುರುತಿನ ಚೀಟಿ ಕಳೆದುಕೊಂಡು ಅವಳ ಹಿಂದೆಯೇ ಸಾಲಿನಲ್ಲಿ ನಿಂತಿದ್ದೆ. ನನ್ನ ಕೆಲಸ ಅವತ್ತು ಆಗಲಿಲ್ಲ, ಅದರ ಬೇಜಾರೂ ನನಗಿಲ್ಲ.)

ಒಫೀಲಿಯಾ: ಸಮಾಧಾನವಾಗಿ ಕೇಳಿ. ನೀವು ಅಲ್ಲಿ ಓದಿದ್ದು ‘ಸಭೆಯಲ್ಲಿ ಮಾತು’, ನಂಬರ್ ಒಂದು. ನಮ್ಮಲ್ಲಿರೋದು ‘ಮಾತು, ಸಭೆಯಲ್ಲಿ’, ನಂಬರ್ ಮೂರು.

ಡೆಲ್ಫೀನಾ: ಅಡುಗೆ ಅದೇ, ತಟ್ಟೆ ತಿರುಗಿಸಿ ಇಟ್ಟಿದ್ದೀರಿ ಅಷ್ಟೆ.

ಒಫೀಲಿಯಾ: ಅದೇ ಹೇಗಾಗುತ್ತೆ? ಒಂದಕ್ಕೂ ಮೂರಕ್ಕೂ ಮಧ್ಯೆ ಎರಡಿದೆ.

ಡೆಲ್ಫೀನಾ: ಆ ಎರಡರಲ್ಲಿ ಏನು ಹೇಳ್ಕೊಡ್ತೀರಿ?

ಒಫೀಲಿಯಾ: ಎರಡು ನಮ್ಮಲ್ಲಿ ಇಲ್ಲ.

ಡೆಲ್ಫೀನಾ: ಅಯ್ಯೋ ದೇವರೇ! ಎಲ್ಲಾ ಕಾಲೇಜಿಗೂ ಒಂದೇ ನಂಬರ್ ಮಾಡ್ತೀವಿ, ಅಲ್ಲಿ ಓದಿದ್ದು ಇಲ್ಲಿ ನಡೆಯುತ್ತೆ ಅಂತ ಹೇಳಿದ್ರಲ್ಲ?

ಒಫೀಲಿಯಾ: ಮಾಡ್ತಾ ಇದ್ದಾರೆ. ಅದಕ್ಕೇ ಒಂದು ಸಮಿತಿ ಇದೆ. ಒಂದೇ ನಂಬರ್ ಇರಬೇಕು ಅಂತ ಎಲ್ಲರೂ ಒಪ್ಪಿದ್ದಾರೆ. ಯಾವ ನಂಬರ್ ಅನ್ನೋದಕ್ಕೆ ಸಮಿತಿ ನಂಬರ್ ಎರಡು ಕೂತಿದೆ.

ಡೆಲ್ಫೀನಾ: ಸದ್ಯ, ಕಳೆದುಹೋದ ಎರಡು ಅಲ್ಲಾದ್ರೂ ಸಿಕ್ಕಿತು! ಹೋಗಲಿ, ಇಲ್ಲಿ ಆ ಮೂರನ್ನ ಹೇಳ್ಕೊಡೋರು ಯಾರು?

ಒಫೀಲಿಯಾ: (ಕಂಪ್ಯೂಟರ್ ತೆರೆ ನೋಡುತ್ತ) ಹೊವ್ಸೆಪಿಯನ್, ಜಿ.

ಡೆಲ್ಫೀನಾ: ನನಗೆ ಅಲ್ಲಿ ಹೇಳ್ಕೊಟ್ಟಿದ್ದೂ ಜಿ. ಹೊವ್ಸೆಪಿಯನ್!

ಒಫೀಲಿಯಾ: ನೋಡಿದ್ರಾ, ಬೇರೆ ಬೇರೆ.

ಡೆಲ್ಫೀನಾ: ಒಬ್ಬರೇ ಕಣ್ರೀ! ಗರಬೇದ್ ಮೇಷ್ಟ್ರು! ದಪ್ಪ ಹುಬ್ಬು, ಜೇಬಲ್ಲಿ ಯಾವಾಗ್ಲೂ ಒಣ ಏಪ್ರಿಕಾಟು!

ಒಫೀಲಿಯಾ: ನಮ್ಮವರಿಗೂ ಹುಬ್ಬಿದೆ. ಅಷ್ಟಕ್ಕೇ ಒಬ್ಬರೇ ಅಂತ ಬರ್ಕೊಳ್ಳೋಕಾಗುತ್ತಾ?

(ಅಷ್ಟರಲ್ಲಿ ಆ ಹುಬ್ಬೇ ಬಾಗಿಲಲ್ಲಿ ಕಾಣಿಸಿತು. ಎರಡೂ ಕಡೆ ಅರೆಕಾಲಿಕ ಕೆಲಸ ಮಾಡುವ ಹೊವ್ಸೆಪಿಯನ್ ಮೇಷ್ಟರಿಗೆ ಎರಡೂ ಕಡೆ ಕೂರಲು ಕೋಣೆಯಿಲ್ಲ. ಪುಸ್ತಕಗಳನ್ನೆಲ್ಲ ರಟ್ಟಿನ ಡಬ್ಬದಲ್ಲಿ ಹೊತ್ತುಕೊಂಡೇ ತಿರುಗುತ್ತಾರೆ.)

ಡೆಲ್ಫೀನಾ: ಮೇಷ್ಟ್ರೇ!

ಮೇಷ್ಟ್ರು: ಹೊಟ್ಟೆಯಿಂದ ಕೂಗು ಬೋರ್ಬಾ, ಗಂಟಲಿಂದ ಅಲ್ಲ. ಏನು ಸಮಾಚಾರ?

ಡೆಲ್ಫೀನಾ: ನಾನು ನಿಮ್ಮ ಹತ್ರ ಓದಿದೀನೋ ಇಲ್ವೋ, ಇವರಿಗೆ ಹೇಳಿ.

ಮೇಷ್ಟ್ರು: ಓದಿದಾಳೆ. ಒಳ್ಳೇ ಮಾತುಗಾರ್ತಿ. ನಿಲ್ಲಿಸೋದೊಂದು ಕಲೀಲಿಲ್ಲ.

ಒಫೀಲಿಯಾ: ಒಂದು ನಿಮಿಷ ಸಾರ್. ನೀವು ಯಾವ ಹೊವ್ಸೆಪಿಯನ್?

ಮೇಷ್ಟ್ರು: ಇವತ್ತು ಯಾವ ವಾರ?

ಒಫೀಲಿಯಾ: ಮಂಗಳವಾರ.

ಮೇಷ್ಟ್ರು: ಹಾಗಾದ್ರೆ ನಿಮ್ಮವನು, ಗುರುವಾರವೂ ಅಷ್ಟೇ. ಸೋಮವಾರ, ಬುಧವಾರ ಅವರವನು.

ಒಫೀಲಿಯಾ: ಹಾಗಾದ್ರೆ ನಿಮ್ಮ ಮಾತು ನಡೆಯಲ್ಲ. ಇವರು ಓದಿದ್ದು ಸೋಮವಾರದವರ ಹತ್ರ. ಅವರನ್ನ ಕಳಿಸಿಕೊಡಿ.

ಮೇಷ್ಟ್ರು: ಅವನು ನಾಳೆ ಸಿಗ್ತಾನೆ. ಆದ್ರೆ ನಾಳೆ ಇಲ್ಲಿರಲ್ಲ.

ಡೆಲ್ಫೀನಾ: ಮೇಷ್ಟ್ರೇ, ನೀವೂ ಶುರು ಹಚ್ಕೋಬೇಡಿ!

ಮೇಷ್ಟ್ರು: ನಾನೇನು ಮಾಡಲಿ? ಎರಡು ಪಾಠವೂ ಒಂದೇನಾ ಅಂತ ಮಂಗಳವಾರದವನು ಸೋಮವಾರದವನಿಗೆ ಕಾಗದ ಬರೀಬೇಕು ಅಂತ ಹೋದ ತಿಂಗಳೇ ಅಂದ್ರು ಇವರು. ಬರೆದೆ.

ಒಫೀಲಿಯಾ: ಉತ್ತರ ಬಂದಿಲ್ಲ. ನೀವು ಬಹಳ ಬೇಜವಾಬ್ದಾರಿ ಮನುಷ್ಯರು ಸಾರ್. ನಿಮ್ಮನ್ನ ಅಂದಿದ್ದಲ್ಲ, ಅವರನ್ನ.

ಮೇಷ್ಟ್ರು: ಅಲ್ಲಿ ಅವನಿಗೆ ಕೋಣೆ ಇಲ್ಲಮ್ಮ, ಕಾಗದ ವಾಪಸ್ ಬಂತು. ಇಲ್ಲಿ ನನಗೆ ಕೋಣೆ ಇಲ್ಲ, ಮತ್ತೆ ವಾಪಸ್ ಹೋಯ್ತು. ಈಗ ಎಲ್ಲೋ ಹೆದ್ದಾರಿ ಮೇಲೆ ಓಡಾಡ್ತಿರಬೇಕು, ನನ್ನ ಹಾಗೇ.

ಒಫೀಲಿಯಾ: ಅದು ಹಾಗಿರಲಿ, ಪಾಠದಲ್ಲೇ ವ್ಯತ್ಯಾಸ ಇದೆ. ಕೇಳಿ: ‘ವಿದ್ಯಾರ್ಥಿಯು ಭಾಷಣ ಪೀಠದ ಹಿಂದೆ ನಿಂತು ಮಾತನಾಡತಕ್ಕದ್ದು.’ ಅಲ್ಲಿ ಪೀಠ ಇದೆಯಾ?

ಮೇಷ್ಟ್ರು: ಇತ್ತು. ಕಾಲು ಮುರೀತು. ಆಮೇಲೆ ಒಣದ್ರಾಕ್ಷಿ ತುಂಬೋ ಪೆಟ್ಟಿಗೆ ಬೋರಲು ಹಾಕ್ಕೊಂಡ್ವಿ.

ಒಫೀಲಿಯಾ: (ಸ್ವಲ್ಪ ಮೆತ್ತಗಾಗಿ) ಪೆಟ್ಟಿಗೆ ನಡೀಬಹುದು. ಅದರ ಹಿಂದೆ ನಿಂತಿದ್ರಲ್ಲ?

ಡೆಲ್ಫೀನಾ: ಮೇಲೆ ನಿಂತಿದ್ದೆ! ನಾನು ಕುಳ್ಳಿ, ಹಿಂದೆ ನಿಂತ್ರೆ ಯಾರಿಗೆ ಕಾಣ್ತೀನಿ?

ಒಫೀಲಿಯಾ: ಮೇಲೆ! ನೋಡಿದ್ರಾ ಸಾರ್, ಮೇಲೆ! ಇದು ಬೇರೆ ವಿದ್ಯೆನೇ ಆಯ್ತು.

(ಡೆಲ್ಫೀನಾ ಗಡಿಯಾರ ನೋಡಿದಳು. ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು, ಹೊರಗೆ ಹಳದಿ ಬಸ್ಸು ಕಾಯುತ್ತಿತ್ತು. ಅವಳು ಎರಡೂ ಮೊಣಕೈಗಳನ್ನು ಕೌಂಟರಿನ ಮೇಲೆ ಊರಿದಳು. ಈ ಸಲ ಕೂಗಲಿಲ್ಲ. ನಮಗೆಲ್ಲ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.)

ಡೆಲ್ಫೀನಾ: ತಾಯೀ, ಒಂದು ಮಾತು ಕೇಳಿ. ಮಕ್ಕಳನ್ನ ಇಳಿಸಿ, ಖಾಲಿ ಬಸ್ಸಲ್ಲಿ ಸ್ಟೀರಿಂಗ್ ಮೇಲೆ ಪುಸ್ತಕ ಇಟ್ಕೊಂಡು ಓದಿದೀನಿ ನಾನು. ಓದ್ತಾ ಓದ್ತಾ ತಲೆ ಹಾರ್ನ್ ಮೇಲೆ ಬಿದ್ದು ಬೀದಿ ಬೀದೀನೇ ಎಬ್ಬಿಸಿದೀನಿ. ಈಗ ಓದಿದ್ದನ್ನೇ ಮತ್ತೆ ಓದು, ಇನ್ನೊಂದು ವರ್ಷ ಕಾಯಿ ಅಂತೀರಿ. ನನಗೆ ಅಳು ಬರ್ತಿದೆ, ಸಿಟ್ಟೂ ಬರ್ತಿದೆ, ಯಾವುದು ಮೊದಲು ಬರುತ್ತೋ ಗೊತ್ತಿಲ್ಲ. ನನ್ನ ಬಸ್ಸು ಹತ್ತಿದ ಮಗೂನ ಅರ್ಧ ದಾರೀಲಿ ಇಳಿಸಿ, ‘ಇಲ್ಲಿಂದಾಚೆ ರಸ್ತೆ ಹೆಸರು ಬೇರೆ, ನೀನು ವಾಪಸ್ ಹೋಗಿ ಮೊದಲಿಂದ ಬಾ’ ಅಂತ ನಾನು ಯಾವತ್ತೂ ಅಂದಿಲ್ಲ. ಅಂದಿದ್ರೆ ನೀವೇ ಬಂದು ನನ್ನ ಬಯ್ತಿದ್ರಿ.

(ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಒಫೀಲಿಯಾ ಕನ್ನಡಕ ತೆಗೆದು ಒರೆಸಿದಳು, ಕನ್ನಡಕ ಚೆನ್ನಾಗಿಯೇ ಇತ್ತು.)

ಮೇಷ್ಟ್ರು: ಒಫೀಲಿಯಾ, ಈ ಭಾಷಣ ಮಾಡುವಾಗ ಇವಳು ಎಲ್ಲಿ ನಿಂತಿದ್ಲು?

ಒಫೀಲಿಯಾ: ಕೌಂಟರಿನ ಮುಂದೆ.

ಮೇಷ್ಟ್ರು: ಕೇಳಿದವರು ನೀವು. ನೀವು ಕೂತ ಕಡೆಯಿಂದ ನೋಡಿ ಹೇಳಿ. ಕೌಂಟರ್ ಮೊದಲು ಕಾಣುತ್ತೋ, ಇವಳು ಮೊದಲು ಕಾಣ್ತಾಳೋ?

ಒಫೀಲಿಯಾ: ಕೌಂಟರು. ಅದರ ಹಿಂದೆ... (ತಡೆದು) ಅದರ ಹಿಂದೆ ಇವರು! ಅಯ್ಯಯ್ಯೋ, ಇಷ್ಟು ವರ್ಷ ನಾನೇ ಹಿಂದೆ ಇದೀನಿ ಅಂದ್ಕೊಂಡಿದ್ದೆ!

ಮೇಷ್ಟ್ರು: ಮಂಗಳವಾರದವನು ಕಣ್ಣಾರೆ ನೋಡಿದಾನೆ. ಸೋಮವಾರದವನು ಆಗಲೇ ಪಾಸು ಮಾಡಿದಾನೆ. ಎರಡು ಪಾಠವೂ ಒಂದೇ ಅಂತ ಕಂಪ್ಯೂಟರಲ್ಲಿ ಒತ್ತಿಬಿಡಿ.

ಒಫೀಲಿಯಾ: ಒತ್ತುತ್ತೀನಿ ಸಾರ್. ಆದ್ರೆ ಒತ್ತೋ ಮೊದಲು ಹೇಳೋದು ನನ್ನ ಧರ್ಮ. ಒಂದು ಸಲ ಎರಡೂ ಒಂದೇ ಅಂತಾದ್ರೆ ಊರ ಕಾಲೇಜಿಂದ ಬಂದೋರು ಯಾರೂ ನಿಮ್ಮ ಮಂಗಳವಾರದ ಪಾಠಕ್ಕೆ ಕೂರಬೇಕಾಗಿಲ್ಲ. ನಿಮ್ಮ ತರಗತೀಲಿ ಇರೋರೆಲ್ಲ ಅವರೇ.

ಮೇಷ್ಟ್ರು: ಎಲ್ಲರೂ?

ಒಫೀಲಿಯಾ: ಒಬ್ಬ ಬಿಟ್ಟು. ಅವನು ಕೋಣೆ ತಪ್ಪಿ ಬಂದು ಕೂತಿರೋನು.

(ಮೇಷ್ಟ್ರು ಡಬ್ಬ ಕೆಳಗಿಟ್ಟರು. ಜೇಬಿನಿಂದ ಏಪ್ರಿಕಾಟು ತೆಗೆದು ಬಾಯಿಗೆ ಹಾಕಿ ನಿಧಾನವಾಗಿ ಅಗಿಯತೊಡಗಿದರು.)

ಡೆಲ್ಫೀನಾ: (ಮೆಲ್ಲಗೆ) ಬೇಡ ಬಿಡಿ ಮೇಷ್ಟ್ರೇ. ನಿಮ್ಮ ಹೊಟ್ಟೆ ಮೇಲೆ ಹೊಡೆದು ನನಗೇನೂ ಆಗಬೇಕಿಲ್ಲ.

ಮೇಷ್ಟ್ರು: ಸುಮ್ನಿರು. ಸೋಮವಾರದವನು ಒಪ್ಪಿದಾನೆ. ಮಂಗಳವಾರದವನು ಯೋಚನೆ ಮಾಡ್ತಿದಾನೆ.

ಡೆಲ್ಫೀನಾ: ಇಬ್ಬರಲ್ಲಿ ಯಾರು ಗೆಲ್ಲೋದು?

ಮೇಷ್ಟ್ರು: (ಅಗಿದದ್ದನ್ನು ನುಂಗಿ) ಒತ್ತಿ ಒಫೀಲಿಯಾ. ಇವಳನ್ನ ಇನ್ನೊಂದು ವರ್ಷ ಕೂರಿಸಿಕೊಂಡು ಪಾಠ ಹೇಳೋ ಶಕ್ತಿ ಇಬ್ಬರಿಗೂ ಇಲ್ಲ.

(ಒಫೀಲಿಯಾ ಒತ್ತಿದಳು. ತೆರೆಯ ಮೇಲೆ ಹಸಿರು ಗುರುತು ಬಂತು. ಡೆಲ್ಫೀನಾ ಕೌಂಟರಿನ ಮೇಲೆ ಬಗ್ಗಿ ಒಫೀಲಿಯಾಳ ಕೆನ್ನೆಗೆ ಮುತ್ತಿಟ್ಟು, ಮೇಷ್ಟರನ್ನು ತಬ್ಬಿಕೊಂಡು, ಲೆಕ್ಕಕ್ಕಿಲ್ಲದ ನನ್ನ ಬೆನ್ನನ್ನೂ ತಟ್ಟಿ ಬಾಗಿಲತ್ತ ಓಡಿದಳು. ಅಲ್ಲಿಂದಲೇ ತಿರುಗಿದಳು.)

ಡೆಲ್ಫೀನಾ: ಮೇಷ್ಟ್ರೇ! ಇನ್ಮೇಲೆ ಮಂಗಳವಾರ, ಗುರುವಾರ ನಾನು ಇಲ್ಲಿ ಓದೋಕೆ ಬರ್ತೀನಲ್ಲ, ಆ ಎರಡು ದಿನ ಬಸ್ಸು ಓಡಿಸೋಕೆ ಜನ ಬೇಕು. ಬರ್ತೀರಾ?

ಮೇಷ್ಟ್ರು: (ಹುಬ್ಬು ಮೇಲೇರಿಸಿ) ಬರದೇ ಏನು! ಹದಿನಾರು ವರ್ಷದಿಂದ ಈ ಎರಡು ಕಾಲೇಜಿನ ಮಧ್ಯೆ ಇದೇ ಹೆದ್ದಾರೀಲಿ ಓಡಿಸ್ತಾ ಇದೀನಿ. ಅದೆಲ್ಲಾ ಲೆಕ್ಕಕ್ಕೆ ಬರುತ್ತಲ್ಲ?

(ಡೆಲ್ಫೀನಾ ವಾಪಸ್ ಬಂದಳು. ಒಫೀಲಿಯಾಳ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ, ಅವಳದೇ ದನಿಯಲ್ಲಿ ಶುರು ಮಾಡಿದಳು.)

ಡೆಲ್ಫೀನಾ: ಸಮಾಧಾನವಾಗಿ ಕೇಳಿ ಸಾರ್. ನೀವು ಓಡಿಸಿದ್ದು ಕಾರು, ಇದು ಬಸ್ಸು. ರಸ್ತೆ ಅದೇ ಇರಬಹುದು, ನಂಬರ್ ಬೇರೆ. ಮೊದಲಿಂದ ಕಲೀಬೇಕು.